ಚರ್ಮಕ್ಕೊಂದು ಚೀಟಿ, ಕೀಲಿಗೊಂದು ಚೀಟಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಮಸ್ಕಾರ. ನಾನು ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನವಳು. ಮನೆಯಲ್ಲೇ ಹೊಲಿಗೆ ಮಾಡಿಕೊಂಡಿದ್ದೇನೆ. ನನಗೆ ಸೋರಿಯಾಸಿಸ್ ಇದೆ. ಅದರ ಬೆನ್ನಿಗೇ ಬರುವ ಕೀಲುರೋಗವೂ ಇದೆ, ಡಾಕ್ಟರುಗಳು ಅದಕ್ಕೆ ಸೋರಿಯಾಟಿಕ್ ಆರ್ಥ್ರೈಟಿಸ್ ಅನ್ನುತ್ತಾರೆ. ನಿಮ್ಮನ್ನು ಕೇಳಬೇಕಾಗಿರುವುದು ಮುಖ್ಯವಾಗಿ ಒಂದೇ ಮಾತು. ಕೀಲು ಹಾಳಾದ ಮೇಲೆ ಆಪರೇಷನ್‌ಗೆ ಸರ್ಕಾರದ ಯೋಜನೆಯಲ್ಲಿ ಪ್ಯಾಕೇಜ್ ಇದೆ. ಕೀಲು ಹಾಳಾಗದ ಹಾಗೆ ತಡೆಯುವ ಮಾತ್ರೆ, ಅದರ ಜೊತೆ ಮಾಡಿಸಬೇಕಾದ ರಕ್ತಪರೀಕ್ಷೆ, ಇವೆರಡು ಮಾತ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಹೀಗೇಕೆ?

ಮೊದಲು ಕಾಯಿಲೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಿಮಗೆ ಗೊತ್ತಿರುತ್ತದೆ, ಆದರೆ ಇದು ಎಲ್ಲರೂ ಓದುವ ಪತ್ರ. ಸೋರಿಯಾಸಿಸ್ ಅಂದರೆ ರೋಗದಿಂದ ನಮ್ಮನ್ನು ಕಾಯಬೇಕಾದ ಶಕ್ತಿಯೇ ನಮ್ಮ ಮೈ ಮೇಲೆ ತಿರುಗಿ ಬೀಳುವುದು. ಸಾಮಾನ್ಯವಾಗಿ ಚರ್ಮದ ಮೇಲ್ಪದರ ಹೊಸದಾಗಲು ಒಂದು ತಿಂಗಳ ಹತ್ತಿರ ಬೇಕು. ನಮ್ಮಲ್ಲಿ ಅದು ಕೆಲವೇ ದಿನಕ್ಕೆ ಆಗಿಬಿಡುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು, ಕೆಂಪು ಮಚ್ಚೆಯ ಮೇಲೆ ಬಿಳಿ ಹೊಟ್ಟು ಕೂರುತ್ತದೆ. ಮೊಣಕೈ, ಮಂಡಿ, ತಲೆ, ಸೊಂಟ, ಎಲ್ಲಿ ಬೇಕಾದರೂ ಬರಬಹುದು. ಇದು ಅಂಟುವುದಿಲ್ಲ. ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಅಂಟುವುದಿಲ್ಲ. ಪೂರ್ತಿ ವಾಸಿಯಾಗುವ ಔಷಧಿ ಇನ್ನೂ ಬಂದಿಲ್ಲ, ಆದರೆ ಹತೋಟಿಯಲ್ಲಿ ಇಡುವ ಔಷಧಿಗಳು ಚೆನ್ನಾಗಿಯೇ ಇವೆ. ಸೋರಿಯಾಸಿಸ್ ಇರುವವರಲ್ಲಿ ಹತ್ತರಲ್ಲಿ ಮೂರು ಜನರವರೆಗೆ ಕೀಲಿಗೂ ಇಳಿಯಬಹುದು. ಸಾಮಾನ್ಯವಾಗಿ ಚರ್ಮ ಮೊದಲು, ಎಷ್ಟೋ ವರ್ಷ ಆದ ಮೇಲೆ ಕೀಲು. ಒಮ್ಮೆ ಕೀಲಿನ ಮೂಳೆ ಸವೆದರೆ ಅದು ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಬೇಗ ಪತ್ತೆಯಾಗಬೇಕು ಅಂತ ಇಷ್ಟು ಬಡಿದುಕೊಳ್ಳುತ್ತಿರುವುದು.

ನನ್ನ ಕೆಲಸವೇ ಬೆರಳಿನದು. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಬರುವುದಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂರಬೇಕು. ನನ್ನದೇ ಬ್ಲೌಸಿನ ಹುಕ್ಕು ಹಾಕಿಕೊಳ್ಳಲು ಮಗಳನ್ನು ಕರೆಯಬೇಕು. ಬಲಗೈ ತೋರುಬೆರಳು ಬುಡದಿಂದ ತುದಿಯವರೆಗೆ ಊದಿದಾಗ ಕತ್ತರಿಯ ಹಿಡಿಯೊಳಗೆ ಹೋಗುವುದಿಲ್ಲ. ಮಿಷನ್ ತುಳಿದರೆ ಹಿಮ್ಮಡಿ ಚುಚ್ಚುತ್ತದೆ. ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಒಳ್ಳೆ ಸಂಪಾದನೆ ಇತ್ತು, ಅದನ್ನು ಪೂರ್ತಿ ಬಿಟ್ಟಿದ್ದೇನೆ. ಈಗ ಫಾಲ್ ಹಾಕುವುದು, ಲಂಗ ಹೊಲಿಯುವುದು, ಇಷ್ಟೇ.

ನೋವಿಗಿಂತ ಜಾಸ್ತಿ ನಷ್ಟ ಮಾಡಿದ್ದು ಜನರ ಭಯ. ಅಳತೆ ತೆಗೆಯುವಾಗ ನನ್ನ ಮೊಣಕೈ ನೋಡಿ ಒಬ್ಬ ಹೆಂಗಸು ಹಿಂದಕ್ಕೆ ಸರಿದಳು. ಮಾರನೇ ದಿನ ಅವಳ ಮಗ ಬಂದು ಬಟ್ಟೆ ವಾಪಸ್ ಕೊಡಿ ಅಂದ. ಕತ್ತರಿಸದ ಬಟ್ಟೆ, ಕೊಟ್ಟು ಕಳಿಸಿದೆ. ಆ ಬೀದಿಯಿಂದ ಆಮೇಲೆ ಯಾರೂ ಬರಲಿಲ್ಲ. ಇದನ್ನು ಆ ಹೆಂಗಸಿನ ತಪ್ಪು ಅಂತ ಬರೆಯುತ್ತಿಲ್ಲ. ಇದು ಅಂಟುವುದಿಲ್ಲ ಅಂತ ಅವಳಿಗೆ ಯಾರಾದರೂ ಹೇಳಿದ್ದರಲ್ಲವಾ ಗೊತ್ತಾಗುವುದು? ನಮ್ಮೂರಿನ ಯಾವ ಆರೋಗ್ಯ ಕೇಂದ್ರದ ಗೋಡೆಯಲ್ಲೂ ಸೋರಿಯಾಸಿಸ್ ಅನ್ನುವ ಹೆಸರನ್ನೇ ನಾನು ನೋಡಿಲ್ಲ.

ಈಗ ಆಸ್ಪತ್ರೆಯ ವಿಷಯಕ್ಕೆ ಬರುತ್ತೇನೆ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಮುಂದೆ ಸಾಲು ಕರಗುವುದಿಲ್ಲ, ಒಬ್ಬೊಬ್ಬರಿಗೆ ಕೊಡಲು ಅವರ ಹತ್ತಿರ ಎರಡು ನಿಮಿಷವೂ ಇರುವುದಿಲ್ಲ. ಆದರೆ ವ್ಯವಸ್ಥೆ ಹೇಗಿದೆ ನೋಡಿ. ಚರ್ಮಕ್ಕೆ ಒಂದು ಓಪಿಡಿ ಚೀಟಿ, ಕೀಲಿಗೆ ಇನ್ನೊಂದು. ಚರ್ಮದ ಡಾಕ್ಟರು ಮಚ್ಚೆ ನೋಡಿ ಮುಲಾಮು ಬರೆದರು. ಬೆರಳು ಊದಿದೆ ಅಂದಾಗ ಅದಕ್ಕೆ ಮೂಳೆ ವಿಭಾಗಕ್ಕೆ ಹೋಗಿ ಅಂದರು. ಮೂಳೆ ವಿಭಾಗದಲ್ಲಿ ಎಕ್ಸ್‌ರೇ, ಸಂಧಿವಾತ ಇದೆಯಾ ಅಂತ ನೋಡುವ ಆರ್‌ಎ ರಕ್ತಪರೀಕ್ಷೆ ಎರಡೂ ಆಯಿತು. ಪರೀಕ್ಷೆ ನೆಗೆಟಿವ್ ಬಂತು. ಸಂಧಿವಾತ ಇಲ್ಲ, ವಯಸ್ಸಾಯಿತಲ್ಲ, ಹೊಲಿಗೆ ಕೆಲಸ ಬೇರೆ, ಅಂತ ಹೇಳಿ ಕ್ಯಾಲ್ಸಿಯಂ ಮಾತ್ರೆ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಬ್ಲೌಸಿನ ತೋಳು ಮೇಲೆತ್ತಿ ಚರ್ಮ ನೋಡಿದವರಿಲ್ಲ.

ಸೋರಿಯಾಸಿಸ್ ಕೀಲುರೋಗದಲ್ಲಿ ಆರ್‌ಎ ಪರೀಕ್ಷೆ ನೆಗೆಟಿವ್ ಬರುವುದೇ ಸಾಮಾನ್ಯ ಸಾರ್. ಮೈಯೊಳಗಿನ ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗಳು ಕೂಡ ಎಷ್ಟೋ ಜನಕ್ಕೆ ಸರಿಯಾಗೇ ಇರುತ್ತವೆ. ರಕ್ತಕ್ಕಿಂತ ಮೊದಲು ನೋಡಬೇಕಾದ್ದು ಮೈಯನ್ನು. ಉಗುರಿನ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿಗಳು ಇವೆಯಾ? ಒಂದೇ ಬೆರಳು ಇಡಿಯಾಗಿ ಊದಿದೆಯಾ? ಹಿಮ್ಮಡಿ ನೋವಿದೆಯಾ? ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಮೈ ಬಿಗಿದಿರುತ್ತಾ? ಕೆಲಸ ಮಾಡುತ್ತಾ ಮಾಡುತ್ತಾ ಸಡಿಲ ಆಗುತ್ತಾ? ಇಷ್ಟು ಕೇಳಲು ಯಂತ್ರ ಬೇಕಿಲ್ಲ. ನನ್ನ ಉಗುರಿನ ಗುಳಿಗಳನ್ನು ಬೆಳಕಿಗೆ ಹಿಡಿದು ನೋಡಿ, ಚರ್ಮದ್ದೂ ಕೀಲಿನದ್ದೂ ಒಂದೇ ಕಾಯಿಲೆ ಅಂತ ಹೇಳಿದವರು ಬೆಂಗಳೂರಿನ ಒಬ್ಬ ರುಮಟಾಲಜಿಸ್ಟ್, ಅಂದರೆ ಕೀಲುರೋಗದ ಡಾಕ್ಟರು. ಅಷ್ಟರಲ್ಲಿ ಎರಡು ಬೆರಳು ಸೊಟ್ಟಗಾಗಿದ್ದವು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯೂ ಕೆಟ್ಟಿತ್ತು.

ರುಮಟಾಲಜಿಸ್ಟ್ ಅಂದರೆ ಯಾರು ಅಂತಲೇ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿಲ್ಲ. ಇರುವ ಕೆಲವರೂ ಬೆಂಗಳೂರು, ಮಂಗಳೂರು, ಮೈಸೂರಿನಂಥ ಊರುಗಳಲ್ಲೇ ಇದ್ದಾರೆ. ರೈಲು ಹತ್ತಿ ಹೋಗಿ ಬರಬೇಕು. ಒಂದು ದಿನದ ಕೆಲಸ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಪ್ರತಿ ತಾಲ್ಲೂಕಿಗೂ ಒಬ್ಬರನ್ನು ಕೊಡಿ ಅಂತ ಕೇಳುತ್ತಿಲ್ಲ, ಅದು ಆಗದ ಮಾತು ಅಂತ ಗೊತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ಗೊತ್ತಾದ ದಿನ, ಚರ್ಮದ ಡಾಕ್ಟರು ಮತ್ತು ಕೀಲಿನ ಡಾಕ್ಟರು ಇಬ್ಬರೂ ಒಂದೇ ಕೋಣೆಯಲ್ಲಿ ಕೂರುವ ಹಾಗೆ ಮಾಡಿ. ಕೀಲಿನ ಡಾಕ್ಟರು ಬರಲು ಆಗದಿದ್ದರೆ ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವೆ ಇ-ಸಂಜೀವನಿಯಲ್ಲಿ ಪರದೆ ಮೇಲೆ ಬರಲಿ. ಆ ದಿನ ಯಾವುದು ಅಂತ ಬಾಗಿಲಲ್ಲಿ ಬೋರ್ಡ್ ಹಾಕಿಸಿ. ಒಂದೇ ಚೀಟಿಯಲ್ಲಿ ಎರಡೂ ಬರೆಯಲಿ.

ಇನ್ನು ಮಾತ್ರೆ. ನಮ್ಮಂಥವರಲ್ಲಿ ಬಹಳ ಜನಕ್ಕೆ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಹಳೆಯ ಔಷಧಿ, ದುಬಾರಿಯೂ ಅಲ್ಲ. ಆದರೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಿಳಿಯದೆ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಸಿದು, ಜೀವಕ್ಕೇ ಅಪಾಯ. ಬಿಪಿ ಮಾತ್ರೆ, ಶುಗರ್ ಮಾತ್ರೆ ದಿನಾ ನುಂಗಿ ರೂಢಿ ಇರುವವರ ಕೈಗೆ ಈ ಮಾತ್ರೆಯನ್ನು ಇಂಗ್ಲಿಷಿನಲ್ಲಿ ಗೀಚಿದ ಚೀಟಿಯ ಜೊತೆ ಕೊಟ್ಟು ಕಳಿಸುತ್ತಾರೆ. ಔಷಧಿ ಕೊಡುವ ಕಿಟಕಿಯಲ್ಲಿ ನನ್ನ ಮುಂದೆ ನಿಂತಿದ್ದ ಒಬ್ಬ ಅಜ್ಜ, ಇದು ದಿನಾ ರಾತ್ರಿಗಾ ಅಂತ ಕೇಳಿದರು. ಒಳಗಿದ್ದವರು ತಲೆ ಎತ್ತದೆ ಹೂಂ ಅಂದರು. ಚೀಟಿ ಇಸಿದುಕೊಂಡು ನೋಡಿದೆ, ವಾರಕ್ಕೊಮ್ಮೆ ಅಂತಲೇ ಇತ್ತು. ಕಿಟಕಿಯಲ್ಲಿ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡು, ಅಜ್ಜನ ಮಾತ್ರೆ ಪಟ್ಟಿಯ ಬೆನ್ನಿಗೆ ಪೆನ್ನಿನಲ್ಲಿ 'ಭಾನುವಾರ ಮಾತ್ರ' ಅಂತ ದೊಡ್ಡದಾಗಿ ಬರೆದು ಕೊಟ್ಟೆ. ಈ ಕೆಲಸ ಸಾಲಿನಲ್ಲಿ ನಿಂತ ಹೊಲಿಗೆಯವಳು ಮಾಡಬೇಕಾದ್ದಾ? ಪ್ರತಿ ಸರ್ಕಾರಿ ಔಷಧಿ ಕಿಟಕಿಯಲ್ಲೂ ಮೆಥೊಟ್ರೆಕ್ಸೇಟ್ ಪಟ್ಟಿಗೆ ಕನ್ನಡದಲ್ಲಿ ವಾರದ ಹೆಸರಿನ ಚೀಟಿ ಅಂಟಿಸಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಬಜೆಟ್ ಬೇಕಿಲ್ಲ.

ಇದೇ ಮಾತ್ರೆಯ ಬಗ್ಗೆ ಹೆಣ್ಣುಮಕ್ಕಳ ಪರವಾಗಿ ಇನ್ನೊಂದು ಮಾತು. ಗರ್ಭಿಣಿಯಾದವರು ಇದನ್ನು ತೆಗೆದುಕೊಳ್ಳಲೇಬಾರದು, ಮಗು ಬೇಕು ಅನ್ನುವವರು ಡಾಕ್ಟರನ್ನು ಕೇಳಿ ಮೊದಲೇ ನಿಲ್ಲಿಸಿರಬೇಕು. ಹೊಸದಾಗಿ ಮದುವೆಯಾದ ಹುಡುಗಿಗೆ ಸಾಲಿನಲ್ಲಿ ಎಲ್ಲರ ಎದುರು ಮಾತ್ರೆ ಕೊಟ್ಟು ಕಳಿಸುವಾಗ ಈ ಮಾತನ್ನು ಯಾರು ಹೇಳಬೇಕು? ಒಬ್ಬ ನರ್ಸ್ ಬದಿಗೆ ಕೂರಿಸಿಕೊಂಡು ಐದು ನಿಮಿಷ ಮಾತಾಡುವ ವ್ಯವಸ್ಥೆ ಇರಲಿ.

ಮಾತ್ರೆ ಸಿಕ್ಕರೆ ಸಾಲದು. ಲಿವರ್ ಹೇಗಿದೆ, ರಕ್ತದ ಕಣಗಳು ಹೇಗಿವೆ ಅಂತ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಜೊತೆಗೆ ಫೋಲಿಕ್ ಆ್ಯಸಿಡ್ ಬೇಕು. ಒಂದು ತಿಂಗಳು ಮಾತ್ರೆ ಇದ್ದರೆ ಫೋಲಿಕ್ ಆ್ಯಸಿಡ್ ಇಲ್ಲ, ಎರಡೂ ಇದ್ದರೆ ಪರೀಕ್ಷೆಯ ಕೆಮಿಕಲ್ ಮುಗಿದಿದೆ, ಹೊರಗಡೆ ಮಾಡಿಸಿ ಅನ್ನುತ್ತಾರೆ. ಹೊರಗಡೆ ಮಾಡಿಸಲು ದುಡ್ಡಿಲ್ಲದವರು ಪರೀಕ್ಷೆ ಬಿಡುತ್ತಾರೆ. ಇಲ್ಲವೇ ಹೆದರಿ ಮಾತ್ರೆಯನ್ನೇ ಬಿಡುತ್ತಾರೆ. ಬಿಟ್ಟ ಮೇಲೆ ಕಾಯಿಲೆ ಮತ್ತೆ ಏಳುತ್ತದೆ. ಬಿಪಿ, ಶುಗರ್‌ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಎನ್‌ಸಿಡಿ ಕ್ಲಿನಿಕ್, ಅಂದರೆ ಅಂಟದ ಕಾಯಿಲೆಗಳ ಕ್ಲಿನಿಕ್ ಇದೆ, ಪುಸ್ತಕದಲ್ಲಿ ಹೆಸರು ಬರೆದುಕೊಂಡು ಮಾತ್ರೆ ಕೊಡುತ್ತಾರೆ. ನಮ್ಮದೂ ಅಂಟದ ಕಾಯಿಲೆ, ನಮ್ಮದೂ ಜೀವನ ಪೂರ್ತಿ ಇರುವ ಕಾಯಿಲೆ. ಸೋರಿಯಾಸಿಸ್ ಜಾಸ್ತಿ ಇರುವವರಿಗೆ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಖಿನ್ನತೆ ಬರುವ ಸಾಧ್ಯತೆಯೂ ಜಾಸ್ತಿ. ಅದೇ ಪುಸ್ತಕದಲ್ಲಿ ನಮ್ಮ ಹೆಸರನ್ನೂ ಬರೆದುಕೊಳ್ಳಿ. ಗೃಹ ಆರೋಗ್ಯ ಅಂತ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರಲ್ಲ, ಆಗಲೇ ಮೈ ಮೇಲೆ ಹೊಟ್ಟು ಏಳುವ ಮಚ್ಚೆ ಇದೆಯಾ, ಬೆಳಿಗ್ಗೆ ಕೀಲು ಬಿಗಿಯುತ್ತಾ ಅಂತ ಎರಡು ಪ್ರಶ್ನೆ ಸೇರಿಸಿದರೆ ಎಷ್ಟೋ ಜನ ಬೇಗ ಸಿಗುತ್ತಾರೆ. ಹುಡುಗರಲ್ಲಿ ಬೆನ್ನಿಗೆ ಬರುವ ಇದೇ ಬಳಗದ ಕಾಯಿಲೆ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅದೂ ಹೀಗೇ ವರ್ಷಗಟ್ಟಲೆ ಬರೀ ಸೊಂಟನೋವು ಅಂತ ಹೋಗಿಬಿಡುತ್ತದೆ.

ಮಾತ್ರೆಗೆ ಬಗ್ಗದವರ ಪಾಡು ಬೇರೆ. ಅವರಿಗೆ ಬಯೋಲಾಜಿಕ್, ಅಂದರೆ ಜೀವಕೋಶಗಳಿಂದ ತಯಾರಿಸಿದ ಔಷಧಿಯ ಇಂಜೆಕ್ಷನ್ ಬೇಕು. ಅಡಾಲಿಮುಮ್ಯಾಬ್ ಅಂತ ಒಂದಿದೆ, ಅದನ್ನೇ ಹೋಲುವ ಔಷಧಿಯನ್ನು ನಮ್ಮ ದೇಶದ ಕಂಪನಿಯೇ 2014ರಲ್ಲಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಡಾಲಿಮುಮ್ಯಾಬ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆಂದೇ ಇಟೊಲಿಜುಮ್ಯಾಬ್ ಅನ್ನುವ ಔಷಧಿ ಬಿಡುಗಡೆ ಮಾಡಿತು, ಕೋವಿಡ್ ಬಂದಾಗ 2020ರಲ್ಲಿ ಅದಕ್ಕೆ ತುರ್ತು ಬಳಕೆಯ ಅನುಮತಿಯೂ ಸಿಕ್ಕಿತು. ಇಂಥ ಔಷಧಿ ತಯಾರಾಗುವ ರಾಜ್ಯದಲ್ಲಿ, ಅದು ಬೇಕಾದ ಕೂಲಿಯವನು ಬೆಲೆ ಕೇಳಿ ಎದ್ದು ಬರುತ್ತಾನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್‌ನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಅದು ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಲಗುವವರಿಗೆ. ನಾವು ಮಲಗುವುದಿಲ್ಲ, ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರುತ್ತೇವೆ. ಕಾರ್ಡ್ ತೋರಿಸಿದರೆ ಓಪಿಡಿಗೆ ಬರಲ್ಲಮ್ಮ ಅಂದರು. ಮಂಡಿಯೋ ಸೊಂಟವೋ ಪೂರ್ತಿ ಹೋಗಿ ಬದಲಿಸುವ ಹೊತ್ತಿಗೆ ಅದೇ ಕಾರ್ಡ್ ಕೆಲಸಕ್ಕೆ ಬರುತ್ತದೆ. ಕ್ಯಾನ್ಸರ್‌ನವರಿಗೆ ಬೆಳಿಗ್ಗೆ ಬಂದು ಕೀಮೋ ಹಾಕಿಸಿಕೊಂಡು ಸಂಜೆ ಹೋಗಲು ಪ್ಯಾಕೇಜ್ ಇದೆಯಲ್ಲ, ಹಾಗೇ ನಮಗೂ ಒಂದು ಮಾಡಿ. ಎಲ್ಲರಿಗೂ ಬೇಕು ಅಂತಲ್ಲ. ಮಾತ್ರೆ ಕೊಟ್ಟು ನೋಡಿ, ಬಗ್ಗಲಿಲ್ಲ ಅಂತ ಇಬ್ಬರು ಡಾಕ್ಟರು ಬರೆದವರಿಗೆ, ಕ್ಷಯ ಇಲ್ಲ ಅಂತ ಪರೀಕ್ಷೆ ಆದ ಮೇಲೆ ಕೊಡಿ. ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಒಟ್ಟಿಗೆ ಕೊಂಡರೆ ಬೆಲೆ ಖಂಡಿತ ಇಳಿಯುತ್ತದೆ, ಬಿಡಿಯಾಗಿ ಕೊಳ್ಳುವ ನಮ್ಮ ಕೈಲಿ ಅದು ಆಗುವುದಿಲ್ಲ.

ಸರ್ಕಾರಿ ಬಾಗಿಲು ಹೀಗೆ ಅರ್ಧ ತೆರೆದಿರುವುದರಿಂದಲೇ ಜನ ಬೇರೆ ಬಾಗಿಲು ತಟ್ಟುವುದು. ಒಬ್ಬರು ನಂಜು ಅಂತ ಬದನೆಕಾಯಿ ಬಿಡಿಸಿದರು. ಒಬ್ಬರು ನಾಗದೋಷ ಅಂದರು, ಸಾಲ ಮಾಡಿ ಪೂಜೆ ಮಾಡಿಸಿದೆವು. ದೇವರ ಮೇಲೆ ನಂಬಿಕೆ ನನಗೂ ಇದೆ, ಆದರೆ ಕಾಯಿಲೆ ಬಂದವಳನ್ನು ಶಾಪ ಹೊತ್ತವಳು ಅನ್ನುವುದನ್ನು ಕೇಳಿಸಿಕೊಂಡು ಕೂರುವುದು ಕಷ್ಟ. ಇದಕ್ಕಿಂತ ಅಪಾಯದ್ದು, ಹೆಸರಿಲ್ಲದ ಪುಡಿ ಮತ್ತು ಒಂದೇ ಇಂಜೆಕ್ಷನ್‌ಗೆ ವಾಸಿ ಅನ್ನುವವರು. ಎಷ್ಟೋ ಸಲ ಅದರೊಳಗೆ ಇರುವುದು ಸ್ಟಿರಾಯ್ಡ್. ಮೊದಲು ಮೈ ಹೊಳೆಯುವ ಹಾಗೆ ಆಗುತ್ತದೆ. ನಿಲ್ಲಿಸಿದ ಕೂಡಲೇ ಮೈಯೆಲ್ಲ ಕೆಂಪಾಗಿ, ಕೀವಿನ ಗುಳ್ಳೆ ಎದ್ದು, ಚಳಿ ಜ್ವರ ಬಂದು ಐಸಿಯು ಸೇರಿದವರಿದ್ದಾರೆ. ಜೋರಾದ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಇವತ್ತು ಸಂಜೆ ಯಾವುದಾದರೂ ಮೆಡಿಕಲ್ ಸ್ಟೋರ್‌ಗೆ ಯಾರನ್ನಾದರೂ ಚೀಟಿ ಇಲ್ಲದೆ ಕಳಿಸಿ ನೋಡಿ, ಸಿಗುತ್ತದೆ. ಔಷಧ ನಿಯಂತ್ರಣ ಇಲಾಖೆ ಇದನ್ನು ತಪಾಸಣೆ ಮಾಡಲಿ.

ಕುಷ್ಠರೋಗ ಪತ್ತೆಗೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬರುತ್ತಾರೆ. ಒಳ್ಳೆಯ ಕೆಲಸ, ಆಗಲೇಬೇಕು. ಆದರೆ ನಮ್ಮ ಮಚ್ಚೆ ನೋಡಿ ಬಾಗಿಲಲ್ಲೇ ನಿಂತು ಅಕ್ಕಪಕ್ಕದವರ ಎದುರು ಅನುಮಾನದ ಹೆಸರು ಬರೆದುಕೊಂಡು ಹೋದರೆ, ಆಮೇಲೆ ಅದು ಕುಷ್ಠ ಅಲ್ಲ ಅಂತ ಗೊತ್ತಾದರೂ ಆ ಮಾತು ಹೇಳಲು ಯಾರೂ ವಾಪಸ್ ಬರುವುದಿಲ್ಲ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳ ಮದುವೆ ಮಾತುಕತೆ ಇದರಿಂದಲೇ ಮುರಿಯಿತು. ಕುಷ್ಠ ಬಂದವರನ್ನೂ ದೂರ ಇಡಬಾರದು, ಅದಕ್ಕೆ ಔಷಧಿ ಇದೆ, ವಾಸಿಯಾಗುತ್ತದೆ. ನಾನು ಕೇಳುವುದು ಆಶಾ ತರಬೇತಿಯಲ್ಲಿ ಸೋರಿಯಾಸಿಸ್ ಚಿತ್ರವನ್ನೂ ತೋರಿಸಿ, ಒಳಗೆ ಕೂತು ಮಾತಾಡಲು ಹೇಳಿ, ಪರೀಕ್ಷೆಯ ಫಲಿತಾಂಶವನ್ನು ಮನೆಗೆ ಬಂದು ತಿಳಿಸಲು ಹೇಳಿ ಅಂತ. ವಿಶ್ವ ಆರೋಗ್ಯ ಸಭೆ 2014ರಲ್ಲೇ ಸೋರಿಯಾಸಿಸ್ ಬಗ್ಗೆ ನಿರ್ಣಯ ಮಾಡಿ, ಈ ಅವಹೇಳನ ನಿಲ್ಲಿಸಲು ಎಲ್ಲ ದೇಶಗಳಿಗೂ ಹೇಳಿದೆ. ಭಾರತವೂ ಆ ಸಭೆಯ ಸದಸ್ಯ ದೇಶ.

ಅಂಗವಿಕಲರ ಪ್ರಮಾಣಪತ್ರದ ವಿಷಯವನ್ನೂ ಹೇಳಿಬಿಡುತ್ತೇನೆ. 2016ರ ಕಾಯಿದೆಯಲ್ಲಿ 21 ಬಗೆಯ ಅಂಗವಿಕಲತೆ ಇವೆ, ನಮ್ಮ ಕಾಯಿಲೆಯ ಹೆಸರು ಅದರಲ್ಲಿಲ್ಲ. ಕೈಕಾಲಿನ ಊನ ಅಂತ ತೋರಿಸಿಯೇ ಕೇಳಬೇಕು. ಹೆಚ್ಚಿನ ಸೌಲಭ್ಯಕ್ಕೆ ಶೇಕಡಾ 40 ಬೇಕು. ನಮ್ಮ ಕಾಯಿಲೆ ಏಳುತ್ತದೆ, ಇಳಿಯುತ್ತದೆ. ತಪಾಸಣೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೆರಳು ಸ್ವಲ್ಪ ಮಡಚಿದರೆ, ಆಗುತ್ತಲ್ಲಮ್ಮ ಅನ್ನುತ್ತಾರೆ. ಅದೇ ಬೆರಳು ಬೆಳಿಗ್ಗೆ ನಲ್ಲಿ ತಿರುಗಿಸಲಾಗದೆ ನಿಂತಿದ್ದನ್ನು ಯಾರೂ ನೋಡಿರುವುದಿಲ್ಲ. ಕಾಯಿದೆ ತಿದ್ದುವುದು ಕೇಂದ್ರದ ಕೈಯಲ್ಲಿದೆ, ಅವರಿಗೆ ನೀವು ಬರೆಯಿರಿ. ಅಲ್ಲಿಯವರೆಗೆ ತಪಾಸಣೆ ಮಾಡುವವರು ಆ ಒಂದು ಗಂಟೆಯನ್ನು ಮಾತ್ರ ನೋಡದೆ, ಹಿಂದಿನ ತಿಂಗಳುಗಳ ಚಿಕಿತ್ಸೆಯ ದಾಖಲೆಯನ್ನೂ ನೋಡುವ ಹಾಗೆ ಮಾಡುವುದು ನಿಮ್ಮ ಇಲಾಖೆಯ ಕೈಲೇ ಇದೆ.

ಇದು ಸಾಯುವ ಕಾಯಿಲೆ ಏನಲ್ಲವಲ್ಲ ಅಂತ ನಮಗೆ ಎಷ್ಟೋ ಸಲ ಹೇಳಿದ್ದಾರೆ. ಧೈರ್ಯ ಹೇಳಲೆಂದೇ ಹೇಳಿರಬಹುದು. ಆದರೆ ಬದುಕಿರುವವರಿಗೇ ಅಲ್ಲವಾ ಕೈ ಬೇಕಾಗಿರುವುದು. ದುಡಿಯುವ ವಯಸ್ಸಿನಲ್ಲಿ ಬರುವ ಕಾಯಿಲೆ ಇದು. ಗಾರ್ಮೆಂಟ್ಸ್‌ನಲ್ಲಿ, ತೋಟದಲ್ಲಿ, ಅಡುಗೆ ಮನೆಯಲ್ಲಿ ನಮ್ಮ ಕೈ ನಂಬಿಕೊಂಡು ಮನೆಗಳಿವೆ.

ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಅಷ್ಟರೊಳಗೆ ಎರಡು ಆದೇಶವಾದರೂ ಹೊರಡಲಿ ಅಂತ ಕೇಳಿಕೊಳ್ಳುತ್ತೇನೆ. ಮೆಥೊಟ್ರೆಕ್ಸೇಟ್, ಫೋಲಿಕ್ ಆ್ಯಸಿಡ್ ಮತ್ತು ರಕ್ತಪರೀಕ್ಷೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ಇರಬೇಕು ಅನ್ನುವುದು ಒಂದು. ಮಾತ್ರೆ ಪಟ್ಟಿಯ ಮೇಲೆ ಕನ್ನಡದಲ್ಲಿ ವಾರದ ಹೆಸರು ಇರಬೇಕು ಅನ್ನುವುದು ಇನ್ನೊಂದು. ಜಂಟಿ ಓಪಿಡಿ ಮತ್ತು ಇಂಜೆಕ್ಷನ್ ಪ್ಯಾಕೇಜ್‌ಗೆ ಸಮಯ ಹಿಡಿಯುತ್ತದೆ, ಅದು ನಮಗೂ ಅರ್ಥವಾಗುತ್ತದೆ. ಅದಕ್ಕೆ ಒಂದು ಸಮಿತಿ ಮಾಡಿ, ಅದರಲ್ಲಿ ಚರ್ಮದ ಡಾಕ್ಟರು, ಕೀಲಿನ ಡಾಕ್ಟರ ಜೊತೆ ಈ ಕಾಯಿಲೆ ಇರುವ ಇಬ್ಬರನ್ನೂ ಕೂರಿಸಿ. ಕರೆದರೆ ನಾನು ಬರುತ್ತೇನೆ. ಆಗುವುದಿಲ್ಲ ಅನ್ನುವುದಾದರೆ ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ ಎಲ್ಲರೂ ಓದುವ ಹಾಗೆ ಬರೆದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಅರಸೀಕೆರೆ ತಾಲ್ಲೂಕಿನ ಒಬ್ಬ ಹೊಲಿಗೆಯವಳು